ರಾಗಿ ಕಾಳಷ್ಟು ಫಿರಂಗಿ ಗುಂಡು

ಆರು ಅಡಿ ಎತ್ತರದ ಸಿಪಾಯಿಯನ್ನು ಒಂದು ಅಂಗುಲಕ್ಕೆ ಇಳಿಸಿದರೆ ಅವನ ಫಿರಂಗಿಯ ಗುಂಡು ಎಷ್ಟು ಗಾತ್ರವಾಗುತ್ತದೆ? ಆರು ಅಡಿಗೆ 72 ಅಂಗುಲ. ಹಾಗಾಗಿ ಎಲ್ಲವನ್ನೂ 72ರಿಂದ ಭಾಗಿಸಿದರೆ ಆಯಿತು. ಹದಿನೆಂಟನೆಯ ಶತಮಾನದ ಆರು ಪೌಂಡಿನ ಗುಂಡಿನ ವ್ಯಾಸ ಹೆಚ್ಚುಕಡಿಮೆ 9 ಸೆಂಟಿಮೀಟರ್. ಭಾಗಿಸಿ ನೋಡಿ, ಒಂದೂಕಾಲು ಮಿಲಿಮೀಟರ್ ಬರುತ್ತದೆ. ಅದು ಒಂದು ರಾಗಿ ಕಾಳು. ಹನ್ನೆರಡು ಪೌಂಡಿನ ಗುಂಡಾದರೆ ಒಂದೂವರೆ ಮಿಲಿಮೀಟರ್, ಅಂದರೆ ಒಂದು ಸಣ್ಣ ಸಾಸಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವ ಅಡುಗೆಮನೆಯಲ್ಲೂ ಸಿಗುವ ಈ ಕಾಳುಗಳಿಂದಲೇ ಮಾತು ಶುರು ಮಾಡುವುದಕ್ಕೆ ಕಾರಣವಿದೆ. ಕಾಳಗದ ಒಂದು ದೃಶ್ಯವನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ, ನೆಲ, ಬಂಡೆ, ಗಿಡ, ಮನುಷ್ಯರ ಸಮೇತ ಮೇಜಿನ ಮೇಲೆ ಕಟ್ಟುವ ಕೆಲಸಕ್ಕೆ ಡಯೋರಾಮ ಎಂದು ಹೆಸರು. ಇದು ದುಡ್ಡಿದ್ದವರ ಹವ್ಯಾಸ, ಹೊರದೇಶದ ಪೆಟ್ಟಿಗೆಗಳನ್ನು ತರಿಸಿ ಜೋಡಿಸುವವರ ಕಾಲಹರಣ ಎಂಬ ಭಾವನೆ ನಮ್ಮಲ್ಲಿದೆ. ನನ್ನ ಮಾತು ಬೇರೆಯೇ. ಮನೆಯಲ್ಲಿ ಬಿದ್ದಿರುವ ಸಾಮಾನಿನಿಂದ, ಅಳತೆ ತಪ್ಪದೆ, ತಮ್ಮದೇ ಸೀಮೆಯ ಕಾಳಗವೊಂದನ್ನು ಕಟ್ಟಿದವರು ಅದನ್ನು ಬರೀ ಓದಿದವರಿಗಿಂತ ಚೆನ್ನಾಗಿ ತಿಳಿಯುತ್ತಾರೆ. ಅಷ್ಟೇ ಅಲ್ಲ, ಆ ಕಾಳಗವನ್ನು ಉಬ್ಬಿಸಿ ಹೇಳುವ ದಾರಿಯೂ ಅವರಿಗೆ ಮುಚ್ಚಿಹೋಗುತ್ತದೆ.

ಕೈಕೆಲಸದ ಮಟ್ಟಿಗೆ ಇದು ನಮಗೆ ಹೊಸದೇನಲ್ಲ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ಇದನ್ನೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನವರು ಬೊಮ್ಮಲ ಕೊಲುವು ಎನ್ನುವುದೂ ಇದನ್ನೇ. ಮೇಲಿನ ಮೆಟ್ಟಿಲುಗಳಲ್ಲಿ ಕಲಶ, ಪಟ್ಟದ ಬೊಂಬೆ, ದೇವರುಗಳು. ಕೆಳಗೆ ನೆಲದ ಮೇಲೆ ಮಕ್ಕಳಿಗೆಂದೇ ಬಿಟ್ಟ ಜಾಗ. ಅಲ್ಲಿ ಪಾರ್ಕು, ಬೆಟ್ಟ, ಮದುವೆ ದಿಬ್ಬಣ, ಆನೆ ಕುದುರೆ ಸಿಪಾಯಿಗಳ ಜಂಬೂ ಸವಾರಿ. ಒಡೆದ ಕನ್ನಡಿ ಕೊಳವಾಗುತ್ತದೆ, ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿ ಹುಲ್ಲುಗಾವಲಾಗುತ್ತದೆ, ಬೆಂಕಿಪೊಟ್ಟಣಗಳು ಮನೆಗಳಾಗುತ್ತವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ನಡೆಸಿಕೊಂಡು ಬಂದ ‘ಬೊಂಬೆ ಮನೆ’ ಪ್ರದರ್ಶನ ಈ ಮನೆಯೊಳಗಿನ ಕಲೆಗೆ ಊರ ಮುಂದೆ ಒಂದು ಜಾಗ ಮಾಡಿಕೊಟ್ಟಿತು. ಆದರೆ ಬೊಂಬೆ ಹಬ್ಬದ ಪಾರ್ಕಿಗೆ ಅಳತೆಯಿಲ್ಲ. ಎರಡು ಅಂಗುಲ ಎದ್ದ ರಾಗಿ ಪೈರನ್ನು 72ರಿಂದ ಗುಣಿಸಿದರೆ ಹನ್ನೆರಡು ಅಡಿ. ಒಂದಂಗುಲದ ಸಿಪಾಯಿ ಅದರೊಳಗೆ ನಿಂತರೆ ಕಬ್ಬಿನ ತೋಟದಲ್ಲಿ ಕಳೆದುಹೋದವನಂತೆ ಕಾಣುತ್ತಾನೆ. ಹಬ್ಬಕ್ಕೆ ಅದು ಕೊರತೆಯಲ್ಲ, ಅಲ್ಲಿ ಹಸಿರು ಬೇಕು, ಅಳತೆ ಬೇಕಿಲ್ಲ. ಆದರೆ ಕಾಳಗವನ್ನು ಅರಿಯಬೇಕೆಂದರೆ ಆ ಕೈಚಳಕದ ಜೊತೆ ಒಂದು ಅಳತೆಪಟ್ಟಿ ಸೇರಬೇಕು. ನಾನು ಕೇಳುತ್ತಿರುವ ಹೊಸ ಸಂಗತಿ ಅದೊಂದೇ.

ಆ ಅಳತೆಪಟ್ಟಿ ಯಾಕೆ ಅಷ್ಟು ಮುಖ್ಯ ಎನ್ನುವುದನ್ನು ನಮ್ಮ ವೀರಗಲ್ಲುಗಳ ಪಕ್ಕದಲ್ಲಿಟ್ಟು ನೋಡಬೇಕು. 1905ರಲ್ಲಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಗಂಗರು, ಬಾಣರು, ನೊಳಂಬರ ಕಾಲದಲ್ಲಿ ತುರುಗೋಳಿನಲ್ಲಿ, ಊರಳಿವಿನಲ್ಲಿ ಸತ್ತವರ ಕಲ್ಲುಗಳು ಅದರಲ್ಲಿ ಸಾಲುಸಾಲಾಗಿವೆ. ಪಕ್ಕದ ಬೇಗೂರಿನಿಂದ ತಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವ ಕಲ್ಲು ಇವೆಲ್ಲಕ್ಕೂ ಹಿರಿಯಣ್ಣನಂತಿದೆ. ಗಂಗ ಎರೆಯಪ್ಪನ ಕಡೆಯಿಂದ ಬೀರಮಹೇಂದ್ರನ ಮೇಲೆ ಹೋಗಿ ತುಂಬೆಪಾಡಿಯಲ್ಲಿ ಮಡಿದ ನಾಗತ್ತರನ ಕಾಳಗ ಅದರ ಮೇಲೆ ಆನೆ, ಕುದುರೆ, ಕಾಲಾಳುಗಳ ಸಮೇತ ಕಿಕ್ಕಿರಿದಿದೆ. ಅದನ್ನು ಕಲ್ಲಿನ ಡಯೋರಾಮ ಎಂದರೂ ತಪ್ಪಲ್ಲ. ಆದರೆ ವೀರಗಲ್ಲಿನ ಸಾಮಾನ್ಯ ನಿಯಮ ಬೇರೆ: ವೀರ ದೊಡ್ಡವನು, ಎದುರಾಳಿಗಳು ಚಿಕ್ಕವರು, ಕೆಳಗೆ ಸತ್ತವನು ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರ ತೋಳು ಹಿಡಿದು ಮೇಲೇರುತ್ತಾನೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಗೂ ಇದೇ ನಿಯಮ. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕಾಳಗದ ಚಿತ್ರದಲ್ಲಿ ಹೈದರ್ ಮತ್ತು ಟಿಪ್ಪು ನೆಮ್ಮದಿಯಿಂದ ಮುಂದೆ ಸಾಗುತ್ತಾರೆ, ಇಂಗ್ಲಿಷರ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಗ್ಗಿ ಕುಳಿತಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಇವು ಸೊಗಸಾದ ಕೃತಿಗಳು, ಅನುಮಾನವಿಲ್ಲ. ಆದರೆ ಇವುಗಳಲ್ಲಿ ಮನುಷ್ಯನ ಗಾತ್ರವನ್ನು ನಿಶ್ಚಯಿಸುವುದು ಅವನ ಪದವಿ. ಅಳತೆಗೆ ಕಟ್ಟಿದ ಮಾದರಿಯಲ್ಲಿ ಹಾಗಾಗದು. ಅಲ್ಲಿ ನವಾಬನೂ ಒಂದಂಗುಲ, ಎತ್ತು ಹೊಡೆಯುವವನೂ ಒಂದಂಗುಲ. ಶೌರ್ಯವನ್ನು ತೋರಿಸಬೇಕಾದರೂ ಮೈ ಹಿಗ್ಗಿಸಿ ತೋರಿಸುವಂತಿಲ್ಲ. ವೀರನು ನಿಂತ ಜಾಗದಿಂದ, ಅವನ ಎದುರು ಇದ್ದುದರಿಂದ ತೋರಿಸಬೇಕು. ಡಯೋರಾಮ ಯುದ್ಧವನ್ನು ವೈಭವೀಕರಿಸುತ್ತದೆ ಎನ್ನುವವರು ಮೊದಲು ಈ ವ್ಯತ್ಯಾಸವನ್ನು ಗಮನಿಸಬೇಕು.

ಅಳತೆ ಎನ್ನುವುದೇನು ಈ ಸೀಮೆಗೆ ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇವತ್ತಿಗೂ ಶಿಲ್ಪಿಗಳು ತಾಲಮಾನ ಹಿಡಿದು ವಿಗ್ರಹ ಕಡೆಯುತ್ತಾರೆ. ಮುಖದ ಉದ್ದವನ್ನು ಒಂದು ತಾಲವೆಂದಿಟ್ಟುಕೊಂಡು ಉಳಿದ ಮೈಯನ್ನು ಅದರಿಂದ ಎಣಿಸುತ್ತಾರೆ. ತಾಲಮಾನ ಒಂದು ಮೈಯೊಳಗಿನ ಹೊಂದಿಕೆ, ಡಯೋರಾಮದ್ದು ಮೈಮೈಗಳ ನಡುವಿನ, ಮೈಗೂ ಮರಕ್ಕೂ ಬಂಡೆಗೂ ನಡುವಿನ ಹೊಂದಿಕೆ. ಒಂದನ್ನು ಬಲ್ಲವರಿಗೆ ಇನ್ನೊಂದನ್ನು ಹಿಡಿಯುವುದು ಒಂದು ಮಧ್ಯಾಹ್ನದ ಕೆಲಸ.

ಮಾದರಿ ಕಟ್ಟುವುದು ಆಟವಲ್ಲ, ಶೋಧನೆ ಎನ್ನುವುದಕ್ಕೆ ಜಗತ್ತಿನ ಅತ್ಯಂತ ದೊಡ್ಡ ಉದಾಹರಣೆ ವಿಲಿಯಂ ಸೈಬೋರ್ನ್ ಎಂಬ ಇಂಗ್ಲಿಷ್ ಸೇನಾಧಿಕಾರಿಯದು. ನೆಪೋಲಿಯನ್ ಸೋತ ವಾಟರ್ಲೂ ಕಾಳಗದ ಮಾದರಿ ಮಾಡುವ ಕೆಲಸ 1830ರಲ್ಲಿ ಅವನ ಪಾಲಿಗೆ ಬಂತು. ಅವನು ಮಾಡಿದ ಮೊದಲ ಕೆಲಸ ಗೊಂಬೆ ಎರಕ ಹೊಯ್ಯುವುದಲ್ಲ. ಲಾ ಹೇ ಸಾಂತ್ ಎಂಬ ಕಾಳಗದ ನಡುವಿದ್ದ ತೋಟದ ಮನೆಯಲ್ಲಿ ಎಂಟು ತಿಂಗಳು ಉಳಿದು ನೆಲದ ಏರಿಳಿತವನ್ನೆಲ್ಲ ಅಳೆದ. ಆಮೇಲೆ ಬದುಕಿದ್ದ ಅಧಿಕಾರಿಗಳಿಗೆ ಕಾಗದ ಬರೆದು, ಸಂಜೆ ಏಳರ ಹೊತ್ತಿಗೆ ನಿಮ್ಮ ದಳ ಎಲ್ಲಿತ್ತು, ಎದುರಿಗೆ ಯಾರಿದ್ದರು, ನೆಲದಲ್ಲಿ ಯಾವ ಬೆಳೆಯಿತ್ತು ಎಂದು ಕೇಳಿದ. ಸರಕಾರ 1833ರಲ್ಲಿ ಹಣ ನಿಲ್ಲಿಸಿದರೂ ಬಿಡದೆ ಸಾಲ ಮಾಡಿ ಮುಂದುವರಿಸಿದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂದ ಆ ಮಾದರಿಯಲ್ಲಿ ಸುಮಾರು 75,000 ಪುಟ್ಟ ತವರದ ಸಿಪಾಯಿಗಳಿದ್ದರು. ಪ್ರಷ್ಯದ ಸೈನ್ಯವನ್ನು ಅವನು ಎಲ್ಲಿ ನಿಲ್ಲಿಸಿದ್ದಾನೆ ಎಂಬುದೇ ದೊಡ್ಡ ಜಗಳವಾಯಿತು. ಗೆಲುವಿನಲ್ಲಿ ಅವರ ಪಾಲು ಎಷ್ಟು ಎನ್ನುವ ಪ್ರಶ್ನೆ ಅದರಲ್ಲಿ ಅಡಗಿತ್ತು, ಇಂಗ್ಲಿಷರ ಸೇನಾಪತಿಯಾಗಿದ್ದ ವೆಲಿಂಗ್ಟನ್‌ಗೆ ಅದು ಹಿಡಿಸಲಿಲ್ಲ. ಗಮನಿಸಿ, ಪುಸ್ತಕದಲ್ಲಿ ‘ಸಂಜೆಯ ವೇಳೆಗೆ ಪ್ರಷ್ಯನ್ನರೂ ಬಂದು ಸೇರಿಕೊಂಡರು’ ಎಂದು ಬರೆದು ಪಾರಾಗಬಹುದು. ಮೇಜಿನ ಮೇಲೆ ಹಾಗೆ ಜಾರಿಕೊಳ್ಳಲಾಗದು. ಗೊಂಬೆಯನ್ನು ಇಲ್ಲಿ ಅಥವಾ ಅಲ್ಲಿ ಅಂಟಿಸಲೇಬೇಕು. ಬರವಣಿಗೆ ಮುಚ್ಚಿಡಬಹುದಾದ ಅಜ್ಞಾನವನ್ನು ಅಂಟು ಬಯಲು ಮಾಡುತ್ತದೆ.

ನಮ್ಮ ಜಿಲ್ಲೆಗೆ ತನ್ನದೇ ಆದ ಇಂಥ ಒಂದು ದಿನ ಇದೆ. 1768ರಲ್ಲಿ, ಮೊದಲನೆಯ ಮೈಸೂರು ಯುದ್ಧದ ನಡುವೆ, ಈಸ್ಟ್ ಇಂಡಿಯಾ ಕಂಪನಿಯ ಸೇನೆ ಘಟ್ಟ ಹತ್ತಿ ಬಂದು ಕೋಲಾರ, ಮುಳಬಾಗಿಲು ಕೋಟೆಗಳನ್ನು ಹಿಡಿದುಕೊಂಡಿತು. ಹೈದರ್ ಒಳಸಂಚಿನಿಂದ ಮುಳಬಾಗಿಲನ್ನು ಮರಳಿ ಪಡೆದ. ಕರ್ನಲ್ ವುಡ್ ಅದನ್ನು ಬಿಡಿಸಿಕೊಳ್ಳಲು ಬಂದು, ಕೆಳಗಿನ ಕೋಟೆಯನ್ನು ಹಿಡಿದು, ಮೇಲಿನ ಬಂಡೆಯ ಕೋಟೆಗೆ ಏಣಿ ಹಾಕಿ ಸೋತ. ಅಕ್ಟೋಬರ್ 4ರಂದು ಒಂದಿಷ್ಟು ಕುದುರೆ ಸವಾರರು ಕಂಡರೆಂದು ಎರಡು ತುಕಡಿ, ಎರಡು ತೋಪು ಹಿಡಿದು ಅಟ್ಟಿಸಿಕೊಂಡು ಹೋದವನಿಗೆ ಎದುರಾದದ್ದು ಹೈದರನ ಇಡೀ ಸೈನ್ಯ. ಬಂಡೆಗಳ ನಡುವೆ ಕಂಪನಿಯ ಪಡೆ ಕುಸಿಯತೊಡಗಿತು. ಆಗ ಸಾಮಾನು ಕಾಯಲು ಹಿಂದೆ ಉಳಿದಿದ್ದ ಕ್ಯಾಪ್ಟನ್ ಬ್ರೂಕ್ ಇದ್ದಬದ್ದ ಸಿಪಾಯಿಗಳನ್ನು, ಎದ್ದು ನಿಲ್ಲಬಲ್ಲ ಗಾಯಾಳುಗಳನ್ನು, ಕಾಯಿಲೆಯವರನ್ನು ಕಟ್ಟಿಕೊಂಡು, ಎರಡು ತೋಪುಗಳನ್ನು ಮರೆಯ ದಾರಿಯಿಂದ ಒಂದು ಬಂಡೆಯ ನೆತ್ತಿಗೆ ಎಳೆಸಿದ. ಅಲ್ಲಿಂದ ಚರೆ ಗುಂಡು ಹೊಡೆಸುತ್ತ, ಎಲ್ಲರಿಂದಲೂ ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಪಡೆ ನೆರವಿಗೆ ಬಂದುಬಿಟ್ಟಿತೆಂದು ಎರಡೂ ಕಡೆಯವರು ನಂಬಿದರು. ಹೈದರನ ದಳಗಳು ಹಿಂದೆ ಸರಿದವು. ವುಡ್‌ಗೆ ಉಸಿರು ತಿರುಗಿತು. ಮೋಸ ತಿಳಿದು ಹೈದರ್ ಮತ್ತೆ ಏರಿಬಂದಾಗ ಕಂಪನಿಯವರು ಎತ್ತರದ ಜಾಗಗಳಲ್ಲಿ ನೆಲೆ ನಿಂತಿದ್ದರು. ಈ ಕಥನವನ್ನು ವಿವರವಾಗಿ ಬರೆದವನು ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್. ಅವನ ಇತಿಹಾಸ 1810ರಿಂದ 1817ರೊಳಗೆ ಮೂರು ಸಂಪುಟಗಳಲ್ಲಿ ಬಂತು. ಹೈದರನ ಪಕ್ಷದ ಮಾತಿಗೆ ಕಿರ್ಮಾನಿಯ ಪಾರಸಿ ಚರಿತ್ರೆಯನ್ನು ನೋಡಬೇಕು.

ಈ ಕಾಳಗವನ್ನು 1:72ರಲ್ಲಿ ಕಟ್ಟುತ್ತೇನೆಂದು ಹೊರಟವರಿಗೆ ಮೊದಲ ಪಾಠ ಮೇಜಿನದು. ಮೂರಡಿ ಉದ್ದ, ಎರಡಡಿ ಅಗಲದ ಹಲಗೆಯ ಮೇಲೆ ಹಿಡಿಸುವುದು 216 ಅಡಿ ಉದ್ದ, 144 ಅಡಿ ಅಗಲದ ನೆಲ ಮಾತ್ರ. ಚರೆ ಗುಂಡು ಅದರ ಎಷ್ಟೋ ಪಟ್ಟು ದೂರ ಹಾರುತ್ತಿತ್ತು. ಅಂದಮೇಲೆ ಹೈದರನ ಸೈನ್ಯಕ್ಕೆ ಹಲಗೆಯ ಮೇಲೆ ಜಾಗವೇ ಇಲ್ಲ. ಉಳಿಯುವುದು ಬ್ರೂಕನ ಬಂಡೆ, ಎರಡು ತೋಪು, ಇಪ್ಪತ್ತೋ ಮೂವತ್ತೋ ಮನುಷ್ಯರು. ಇದು ಮಿತಿಯೆಂದು ತೋರಬಹುದು. ನನಗೆ ಇದೇ ಈ ದೃಶ್ಯದ ಬಲವೆಂದು ತೋರುತ್ತದೆ. ಯಾಕೆಂದರೆ ಆ ದಿನದ ಇಡೀ ಉಪಾಯ ನಿಂತಿದ್ದುದು ಕಾಣದಿರುವುದರ ಮೇಲೆ. ಕೆಳಗಿದ್ದವರಿಗೆ ಹೊಗೆ ಕಂಡಿತು, ಕೂಗು ಕೇಳಿತು. ಕೂಗುತ್ತಿದ್ದವರು ಕುಂಟರು, ಜ್ವರದವರು ಎಂಬುದು ಕಾಣಲಿಲ್ಲ. ಹಲಗೆಯನ್ನು ಬಂಡೆಯ ಬೆನ್ನಿನ ಕಡೆಯಿಂದ ನೋಡುವಂತೆ ಇಟ್ಟರೆ ನೋಡುವವರಿಗೆ ಗುಟ್ಟು ಗೊತ್ತಾಗುತ್ತದೆ. ಮುಂದಿನ ಕಡೆಯಿಂದ ಇಟ್ಟರೆ ಅವರೇ ಹೈದರನ ಸಿಪಾಯಿಗಳ ಜಾಗದಲ್ಲಿ ನಿಂತಿರುತ್ತಾರೆ. ಎರಡರಲ್ಲಿ ಯಾವುದು ಎಂದು ಹುಡುಗನೊಬ್ಬ ಅಥವಾ ಹುಡುಗಿಯೊಬ್ಬಳು ಯೋಚಿಸುತ್ತ ಕೂತರೆ, ಯುದ್ಧದಲ್ಲಿ ಯಾರಿಗೆ ಏನು ಗೊತ್ತಿರುತ್ತದೆ ಎಂಬ ದೊಡ್ಡ ಪ್ರಶ್ನೆಯ ಮುಂದೆಯೇ ಕೂತಂತೆ.

ಇನ್ನು ಸಾಮಾನು. ಬಾಲ್‌ಪೆನ್ನಿನ ಖಾಲಿ ರೀಫಿಲ್ಲು ಸುಮಾರು 3 ಮಿಲಿಮೀಟರ್ ದಪ್ಪ. 72ರಿಂದ ಗುಣಿಸಿದರೆ 21 ಸೆಂಟಿಮೀಟರಿನ ಮೇಲೆ. ಆರು ಪೌಂಡಿನ ತೋಪಿನ ನಳಿಗೆಗೆ ಅದು ಒಪ್ಪುತ್ತದೆ. ಗಾಲಿ ನಾಲ್ಕರಿಂದ ಐದು ಅಡಿ ಎತ್ತರದ್ದು, ಅಂದರೆ 17ರಿಂದ 21 ಮಿಲಿಮೀಟರ್. ಅಂಗಿಯ ಗುಂಡಿ 11 ಮಿಲಿಮೀಟರ್ ಇರುವುದರಿಂದ ಸಾಲದು, ಆಟದ ಬಂಡಿಯಂತೆ ಕಾಣುತ್ತದೆ. ಕೋಟಿನ ಗುಂಡಿ ಸರಿಹೋಗುತ್ತದೆ, ಆದರೆ ಅದಕ್ಕೆ ಅರೆಕಾಲುಗಳಿಲ್ಲ. ಹಳೆಯ ಮದುವೆ ಕಾಗದದ ದಪ್ಪ ರಟ್ಟನ್ನು ಬಳೆಯಂತೆ ಕತ್ತರಿಸಿ ಪೊರಕೆ ಕಡ್ಡಿಯ ಚೂರುಗಳಿಂದ ಅರೆಕಾಲು ಕೂರಿಸಬೇಕು. ಬೆಂಕಿಕಡ್ಡಿಯ ಅಗಲ 2 ಮಿಲಿಮೀಟರ್, ಅಂದರೆ 14 ಸೆಂಟಿಮೀಟರಿನ ತೊಲೆ. ತೋಪಿನ ಬಾಲಕ್ಕೆ ಅದೇ. ದೊಡ್ಡ ಸ್ಟೇಪ್ಲರ್ ಪಿನ್ನನ್ನು ನೆಟ್ಟಗೆ ಮಾಡಿದರೆ 25 ಮಿಲಿಮೀಟರ್ ಹತ್ತಿರ ಬರುತ್ತದೆ. ಸನೀನು ಸಿಕ್ಕಿಸಿದ ಬಂದೂಕು ಅದಕ್ಕಿಂತ ಕೂದಲಷ್ಟೇ ಉದ್ದ. ಮುಂಡಾಸಿನ ತಲೆಗೆ ಮೆಣಸಿನ ಕಾಳು ಒಂದು ಗುಲಗಂಜಿ ಹೆಚ್ಚು, ಸಾಸಿವೆ ತೀರ ಕಮ್ಮಿ. ಸಾಸಿವೆಗೆ ತೆಳು ಕಾಗದ ಸುತ್ತಿ ಅಂಟು ಸವರಿದರೆ ಮುಂಡಾಸೇ ಆಗುತ್ತದೆ. ಮೈಗೆ ಹಳೆ ವೈರಿನ ತಾಮ್ರದ ಎಳೆ, ಅದರ ಮೇಲೆ ಎಂ-ಸೀಲ್. ಬ್ರೂಕ್ ಹೊಡೆಸಿದ್ದು ಉಂಡೆ ಗುಂಡಲ್ಲ, ಚರೆ; ಹಾಗಾಗಿ ತೋಪಿನ ಪಕ್ಕದ ಚೀಲ ಬಿಚ್ಚಿದ್ದರೆ ಒಳಗೆ ರಾಗಿ ಕಾಣಬಾರದು, ಚಿರೋಟಿ ರವೆ ಕಾಣಬೇಕು. ರಾಗಿ ಹಾಕಿಬಿಟ್ಟವರಿಗೆ ಎರಡು ಬಗೆಯ ಮದ್ದುಗುಂಡಿನ ವ್ಯತ್ಯಾಸ ಅಲ್ಲಿಯೇ ತಿಳಿಯುತ್ತದೆ, ಪಾಠ ಹೇಳಬೇಕಿಲ್ಲ.

ಬಂಡೆಯ ವಿಷಯದಲ್ಲಿ ಒಂದು ಸೋಜಿಗವಿದೆ. ಕೋಲಾರದಲ್ಲಿ ಕಲ್ಲಿಗೆ ಬರವಿಲ್ಲ. ಯಾವ ಕ್ವಾರಿಯ ಬಳಿಯಲ್ಲೂ ಜಲ್ಲಿ ರಾಶಿ ಬಿದ್ದಿರುತ್ತದೆ. ಬೆಟ್ಟದ ಮಾದರಿಗೆ ಬೆಟ್ಟದ್ದೇ ಕಲ್ಲು ತಂದಿಟ್ಟರೆ ಆಯಿತಲ್ಲ ಎನ್ನಿಸುತ್ತದೆ. ಇಟ್ಟು ನೋಡಿದರೆ ಸುಳ್ಳಾಗಿ ಕಾಣುತ್ತದೆ. ನಮ್ಮ ಕಣಶಿಲೆಯ ಹರಳು ನಾಲ್ಕೈದು ಮಿಲಿಮೀಟರ್ ಇರುತ್ತದೆ. ಒಂದಂಗುಲದ ಮನುಷ್ಯನ ಪಕ್ಕ ಅದು ಒಂದಡಿಯ ಚುಕ್ಕೆ. ಕಲ್ಲಿಗೂ ಅಳತೆಯಿದೆ, ಅದು ಕುಗ್ಗುವುದಿಲ್ಲ. ಅದಕ್ಕಿಂತ ನಮ್ಮ ಅಜ್ಜಿಯರು ಮೆಂತ್ಯ ಅರೆದು ಸೇರಿಸಿ ಬುಟ್ಟಿ ತಟ್ಟುತ್ತಿದ್ದ ಕಾಗದದ ತಿರುಳು ಎಷ್ಟೋ ವಾಸಿ. ತಿರುಳನ್ನು ಹಳೆ ರಟ್ಟಿನ ಹಂದರದ ಮೇಲೆ ಮೆತ್ತಿ, ಹಸಿ ಇರುವಾಗಲೇ ರಂಗೋಲಿ ಪುಡಿ ಉದುರಿಸಿ, ಒಣಗಿದ ಮೇಲೆ ಬೂದು ಬಣ್ಣ ತೆಳ್ಳಗೆ ಹೊಡೆದರೆ ಮುಳಬಾಗಿಲಿನ ಬಂಡೆ ಬಂತು. ಅಂಟಿಗೆ ಮೈದಾ ಸಾಕು, ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬರದು. ಆ ಕೆಲಸ ದೊಡ್ಡವರು ಮಾಡಲಿ, ಅದು ವಿಷ. ಥರ್ಮೊಕೋಲ್ ಬಳಸುವವರು ಸ್ಪ್ರೇ ಬಣ್ಣ ಹೊಡೆಯಬಾರದು, ಬಣ್ಣದ ದ್ರಾವಕ ಅದನ್ನು ತಿಂದುಹಾಕುತ್ತದೆ. ನೆಲಕ್ಕೆ ಮಾಲೂರಿನ ಹೆಂಚನ್ನು ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ. ಮಾಲೂರಿನ ಜೇಡಿಯಿಂದಲೇ ಕೋಟೆಗೋಡೆ ಮಾಡುವುದಾದರೆ ಒಣಗಿ ಬೇಯುವಾಗ ನೂರಕ್ಕೆ ಎಂಟು ಹತ್ತು ಪಾಲು ಕುಗ್ಗುತ್ತದೆಂದು ಮೊದಲೇ ಲೆಕ್ಕ ಹಾಕಿ ದೊಡ್ಡದು ಮಾಡಿಕೊಳ್ಳಬೇಕು. ಶ್ರೀನಿವಾಸಪುರದ ಮಾವಿನ ವಾಟೆ ತೊಳೆದು ಒಣಗಿಸಿದರೆ ನಾರು ನಾರಾಗಿ ಹುಲ್ಲಿನ ಬಣವೆಯಂತೆ ನಿಲ್ಲುತ್ತದೆ. ಚಿಟ್ಟೆ ಹೊರಬಿದ್ದು ಕೆಲಸಕ್ಕೆ ಬಾರದ ರೇಷ್ಮೆಗೂಡು ಮೂರೂವರೆ ಸೆಂಟಿಮೀಟರ್ ಉದ್ದ, ಅಂದರೆ ಎರಡೂವರೆ ಮೀಟರ್. ಎತ್ತಿಗೆ ಅದು ಹೆಚ್ಚಾಯಿತು, ಮರಿಯಾನೆಗೂ ಹೆಚ್ಚು, ಬೆಳೆದ ಆನೆಯ ಹೊಟ್ಟೆಗೆ ಹೊಂದುತ್ತದೆ.

ಈ ಲೆಕ್ಕಗಳ ನಡುವೆ ತಾನಾಗಿ ಏಳುವ ಇನ್ನೊಂದು ಪ್ರಶ್ನೆಯಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹೊಲದಲ್ಲಿ ಏನಿತ್ತು? ಕೋಲಾರ ಸೀಮೆಯಲ್ಲಿ ಮಳೆ ನಂಬಿ ಬಿತ್ತಿದ ರಾಗಿ ಅಕ್ಟೋಬರಿನಲ್ಲಿ ತೆನೆಗಟ್ಟುತ್ತಿರುತ್ತದೆ, ಕೊಯ್ಲಿಗೆ ಇನ್ನೂ ಒಂದು ತಿಂಗಳಾದರೂ ಬೇಕು. ಅಕ್ಟೋಬರ್ 4ರ ಕಾಳಗವೆಂದರೆ ಸಾವಿರಾರು ಕುದುರೆ, ಎತ್ತು, ಕಾಲಾಳು ಬೆಳೆದು ನಿಂತ ಹೊಲದ ಮೇಲೆ ಹಾದುಹೋದರು ಎಂದೇ ಅರ್ಥ. ಮೂರಡಿ ಎತ್ತರದ ಪೈರು ಮಾದರಿಯಲ್ಲಿ ಅರ್ಧ ಅಂಗುಲ. ತೆಂಗಿನ ನಾರು ಅಥವಾ ಹಳೆ ಬ್ರಷ್ಷಿನ ಕೂದಲು. ಅರ್ಧ ನಿಂತದ್ದು, ಅರ್ಧ ತುಳಿದದ್ದು. ವಿಲ್ಕ್ಸ್ ಸತ್ತ ಸಿಪಾಯಿಗಳನ್ನು ಎಣಿಸಿದ, ರೈತನ ಹೊಲವನ್ನು ಎಣಿಸಲಿಲ್ಲ. ಮಾದರಿ ಕಟ್ಟುವವರಿಗೆ ಮಾತ್ರ ಹಲಗೆಯ ಆ ಮೂಲೆಯನ್ನು ಖಾಲಿ ಬಿಡಲಾಗದು.

ಅಂಗಡಿಯ ಪೆಟ್ಟಿಗೆಗಳ ಅಚ್ಚುಕಟ್ಟು ಮನೆಯ ಕಸದಲ್ಲಿ ಬರುವುದುಂಟೆ ಎಂದು ಕೇಳುವವರಿದ್ದಾರೆ. ಬರುವುದಿಲ್ಲ, ಒಪ್ಪಿದೆ. ಜಪಾನಿನ ತಮಿಯಾ, ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಗಳು ತೆಗೆಯುವ ಪ್ಲಾಸ್ಟಿಕ್ ಭಾಗಗಳ ನಯ ಎಂ-ಸೀಲಿನಲ್ಲಿ ಸಿಗದು. ಆದರೆ ಆ ಪೆಟ್ಟಿಗೆಗಳಲ್ಲಿ ಸುಲಭವಾಗಿ ಸಿಗುವುದು ಎರಡನೆಯ ಮಹಾಯುದ್ಧದ ಟ್ಯಾಂಕು, ನೆಪೋಲಿಯನ್ನನ ಕಾಲದ ಯುರೋಪಿನ ಸಿಪಾಯಿ. ತೋಪನ್ನು ಕುದುರೆ ಎಳೆಯುತ್ತಿರುತ್ತದೆ. ನಮ್ಮಲ್ಲಿ ತೋಪು ಎಳೆದದ್ದು ಎತ್ತು; ಮೈಸೂರರಸರ ಬೆಣ್ಣೆ ಚಾವಡಿಯ ದನಗಳೇ ಹೈದರನ ತೋಪುಗಳಿಗೂ ನೊಗ ಕೊಟ್ಟವು, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಪೆಟ್ಟಿಗೆ ಕೊಂಡವರು ಇನ್ನೊಬ್ಬರು ಮಾಡಿದ ಶೋಧನೆಯನ್ನು ಅಂಟಿಸುತ್ತಾರೆ. ಕೈಯಾರೆ ಮಾಡುವವರು ತಪ್ಪಾದರೂ ತಮ್ಮ ತಪ್ಪನ್ನೇ ಮಾಡುತ್ತಾರೆ, ತಿದ್ದಿಕೊಳ್ಳುತ್ತಾರೆ. ಹೈದರನ ಕಾಲಾಳಿಗೆ ಹುಲಿಪಟ್ಟೆಯ ಅಂಗಿ ತೊಡಿಸಿದ ಹುಡುಗನಿಗೆ ಅದು ಟಿಪ್ಪುವಿನ ಕಾಲದ್ದು, 1768ಕ್ಕೆ ಸಲ್ಲದು ಎಂದು ತಿಳಿದಾಗ ಅವನು ಕಲಿತದ್ದು ಬಟ್ಟೆಯ ವಿಷಯವನ್ನಷ್ಟೇ ಅಲ್ಲ. ಬಣ್ಣದ್ದೂ ಹೀಗೆ. ಒಂದಡಿ ದೂರದಿಂದ ನೋಡುವ ಮಾದರಿ, ನಿಜದ ಲೆಕ್ಕದಲ್ಲಿ 72 ಅಡಿ ದೂರದ ನೋಟ. ಆದ್ದರಿಂದ ಕಂಪನಿ ಸಿಪಾಯಿಯ ಕೆಂಪು ಅಂಗಿಗೆ ಅಪ್ಪಟ ಕೆಂಪು ಹಚ್ಚಿದರೆ ಕಣ್ಣಿಗೆ ಹೊಡೆಯುತ್ತದೆ, ಒಂದು ಹನಿ ಬಿಳಿ ಬೆರೆಸಬೇಕು. ಇದನ್ನು ಯಾವ ಪೆಟ್ಟಿಗೆಯೂ ಕೈಗೆ ಕಲಿಸದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಮಕ್ಕಳ ಕೈಗೆ ಯುದ್ಧ ಕೊಡುವುದರ ಬಗ್ಗೆ. ಇದನ್ನು ತಳ್ಳಿಹಾಕುವಂತಿಲ್ಲ. ಎಚ್.ಜಿ. ವೆಲ್ಸ್ 1913ರಲ್ಲಿ ಆಟದ ಸಿಪಾಯಿಗಳ ಕಾಳಗದ ಮೇಲೆ ಒಂದು ಪುಸ್ತಕವನ್ನೇ ಬರೆದು, ದೊಡ್ಡ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಮೇಲೆಂದು ವಾದಿಸಿದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಆದ್ದರಿಂದ ಗೊಂಬೆ ಸಿಪಾಯಿಗಳು ನಿಜದ ಯುದ್ಧವನ್ನು ತಡೆಯುತ್ತವೆ ಎಂದು ನಾನು ಹೇಳುವುದಿಲ್ಲ. ಹೇಳುವುದು ಇಷ್ಟು: ಮಕ್ಕಳಿಗೆ ಯುದ್ಧ ಈಗಾಗಲೇ ಮೊಬೈಲಿನಲ್ಲಿ, ಸಿನಿಮಾದಲ್ಲಿ ಸಿಕ್ಕಿದೆ, ಅಲ್ಲಿ ಸತ್ತವನು ಮರುಕ್ಷಣ ಎದ್ದು ಬರುತ್ತಾನೆ, ಗುರಿಯಿಟ್ಟವನಿಗೆ ಆಯಾಸವಿಲ್ಲ. ಡಯೋರಾಮದಲ್ಲಿ ಒಬ್ಬ ಗಾಯಾಳುವನ್ನು ಮಾಡಲು ಎರಡು ಸಂಜೆ ಹಿಡಿಯುತ್ತದೆ. ಊರುಗೋಲಿಗೆ ಅವನ ಕೈ ಹೇಗೆ ಬಾಗಬೇಕು, ಯಾವ ಕಾಲಿನ ಮೇಲೆ ಭಾರ ಬೀಳಬೇಕು ಎಂದು ತನ್ನ ಮೈಯನ್ನೇ ಬಗ್ಗಿಸಿ ನೋಡಬೇಕಾಗುತ್ತದೆ. ಎರಡು ಸಂಜೆ ಒಬ್ಬ ಮನುಷ್ಯನ ನೋವಿನ ಭಂಗಿಯನ್ನು ಯೋಚಿಸಿದ ಮಗುವಿಗೆ ಅವನು ಸಂಖ್ಯೆಯಾಗಿ ಉಳಿಯುವುದಿಲ್ಲ. ಈ ಕಾರಣಕ್ಕೇ ನಾನು ಗೆದ್ದವರ ಮೆರವಣಿಗೆಯನ್ನಲ್ಲ, ಬ್ರೂಕನ ಬಂಡೆಯ ಮೇಲಿನ ಕಾಯಿಲೆಯವರನ್ನು ಆರಿಸಿಕೊಂಡದ್ದು.

ಕಂಪನಿಯ ಉಪಾಯದ ಕಥೆಯನ್ನು ನಾವೇಕೆ ಕಟ್ಟಬೇಕು, ಅದು ನಮ್ಮವರ ಕಾಳಗವೇ ಎಂದು ಇನ್ನು ಕೆಲವರು ಕೇಳಬಹುದು. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದ ಮಕ್ಬರಾದಲ್ಲಿದೆ. ಎದುರು ಪಕ್ಷದ ಬಂದೂಕು ಹಿಡಿದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ನಾಡಿನ ಸಿಪಾಯಿಗಳು. ತುಳಿದುಹೋದ ಹೊಲ ಇಲ್ಲಿಯವರದು. ಯಾರು ನಮ್ಮವರು ಎಂಬ ಪ್ರಶ್ನೆಗೆ ಮುಳಬಾಗಿಲಿನ ಬಂಡೆ ಸುಲಭದ ಉತ್ತರ ಕೊಡದು, ಕೊಡಬೇಕೆಂದೂ ಇಲ್ಲ. ಆ ದಿನ ಉಪಾಯ ಬ್ರೂಕನದಾಯಿತು; ಆರು ತಿಂಗಳೊಳಗೆ ಹೈದರ್ ಮದರಾಸಿನ ಬಾಗಿಲಿಗೇ ಹೋಗಿ ನಿಂತು 1769ರ ಒಪ್ಪಂದ ಬರೆಸಿಕೊಂಡ. ಎರಡನ್ನೂ ಹೇಳಬಲ್ಲ ನೆಲ ಇದು. ಗೆದ್ದದ್ದನ್ನಷ್ಟೇ ಕಟ್ಟುವ ಊರಿಗೆ ತನ್ನ ಚರಿತ್ರೆಯ ಅರ್ಧ ಭಾಗ ಮಾತ್ರ ಗೊತ್ತಿರುತ್ತದೆ.

ಓದಿಗೆ ಅಡ್ಡಿ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಭಾಗಾಕಾರ, ಅನುಪಾತ, ಭೂಪಟ, ಚರಿತ್ರೆ, ಬೆಳೆಯ ಕಾಲ ಎಲ್ಲವೂ ಇದರಲ್ಲೇ ಇವೆ. ಸರಕಾರಿ ಶಾಲೆಗಳ ಪ್ರತಿಭಾ ಕಾರಂಜಿಯಲ್ಲಿ ಜೇಡಿಮಣ್ಣಿನ ಮಾದರಿಗೆ ಈಗಾಗಲೇ ಸ್ಪರ್ಧೆಯಿದೆ. ಹಾಗಿದ್ದೂ ‘ಪ್ರಾಜೆಕ್ಟ್’ ಎಂದಾಗ ಅಂಗಡಿಯಿಂದ ಥರ್ಮೊಕೋಲ್ ಹಾಳೆ ತಂದು ಅಪ್ಪ ಅಮ್ಮ ರಾತ್ರಿಯೆಲ್ಲ ಕೂತು ಮಾಡಿಕೊಡುವ ರೂಢಿ ಬೆಳೆದಿದೆ. ಅದರಲ್ಲಿ ಮಗುವಿನದು ಹೆಸರು ಮಾತ್ರ. ನಾಲ್ಕು ತಾಲ್ಲೂಕುಗಳ ಶಿಕ್ಷಕರು ಒಂದು ನಿಯಮ ಮಾಡಿದರೆ ಸಾಕು: ಕೊಂಡು ತಂದ ವಸ್ತು ಅಂಟು, ಎಂ-ಸೀಲ್ ಮತ್ತು ಬಣ್ಣ ಬಿಟ್ಟು ಬೇರೇನೂ ಇರಬಾರದು, ಮತ್ತು ಹಲಗೆಯ ಅಂಚಿನಲ್ಲಿ ಅಳತೆಯ ಪ್ರಮಾಣ ಬರೆದಿರಬೇಕು.

ನವರಾತ್ರಿ ಬರುವುದು ಹೆಚ್ಚಾಗಿ ಸೆಪ್ಟೆಂಬರ್ ಕೊನೆ, ಅಕ್ಟೋಬರಿನ ಹೊತ್ತಿಗೆ. ಮುಳಬಾಗಿಲಿನ ಕಾಳಗದ ದಿನವೂ ಆಸುಪಾಸಿನಲ್ಲೇ ಬೀಳುತ್ತದೆ. ಈ ಸಲ ಬೊಂಬೆ ಕೂರಿಸುವ ಮನೆಯವರು ಕೆಳಗಿನ ಮೆಟ್ಟಿಲ ಮುಂದೆ ಮೂರಡಿ ಉದ್ದ, ಎರಡಡಿ ಅಗಲದ ಜಾಗವನ್ನು ಮಕ್ಕಳಿಗೆ ಬಿಟ್ಟುಕೊಡಿ. ಅದಕ್ಕೆ ಮುಂಚೆ ಒಂದು ಭಾನುವಾರ ಅವರನ್ನು ಮುಳಬಾಗಿಲು ಬೆಟ್ಟಕ್ಕೆ ಕರೆದೊಯ್ದು, ದಾರ ಹಿಡಿದು ಒಂದೇ ಒಂದು ಬಂಡೆಯನ್ನು ಅಳೆದು ಬರೆದುಕೊಳ್ಳಲು ಹೇಳಿ. ಉಳಿದ ಸಾಮಾನು ಮನೆಯಲ್ಲೇ ಇದೆ.